ಏಳು ಕಾಲಿನ ಚೇಳು

ನನ್ನ ಬಲಗೈಯ ನಡುಬೆರಳಿನಲ್ಲಿ, ಲೇಖಣಿ ಒರಗಿಕೊಳ್ಳುವ ಗೆಣ್ಣಿನ ಪಕ್ಕಕ್ಕೆ, ಕಡಲೆಕಾಳಿನಷ್ಟು ಅಗಲದ ಒಂದು ಮಸಿಯ ಕಲೆ ಇದೆ. ಅದು ಇಂದು ನಿನ್ನೆಯದಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಬರೆದ ಟಿಪ್ಪಣಿಗಳೂ, ಆಮೇಲೆ ಚನ್ನಪಟ್ಟಣದ ಈ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದು ತಿದ್ದಿದ ಕಾಪಿ ಪುಸ್ತಕಗಳೂ ತಂತಮ್ಮ ಪಾಲಿನ ಒಂದೊಂದು ತೊಟ್ಟನ್ನು ಅಲ್ಲಿ ಬಿಟ್ಟುಹೋಗಿವೆ. ಭಾನುವಾರ ಬೆಳಿಗ್ಗೆ ನಮ್ಮ ಕ್ರೈಸ್ತ ದೇವಾಲಯದಲ್ಲಿ ಕೈಜೋಡಿಸಿ ಕುಳಿತಾಗ ಆ ಕಲೆ ಎದ್ದು ಕಾಣಬಾರದೆಂದು ಶನಿವಾರ ಸಾಯಂಕಾಲ ಅರ್ಧ ಹೋಳು ನಿಂಬೆಹಣ್ಣಿನಿಂದ ಅದನ್ನು ಉಜ್ಜುವುದು ನನ್ನ ಪದ್ಧತಿಯಾಗಿತ್ತು. ಕಲೆಯೂ ಮರ್ಯಾದಸ್ಥ ಕಲೆ. ಭಾನುವಾರವೊಂದು ದಿನ ಮಂಕಾಗಿದ್ದು, ಸೋಮವಾರ ಮೊದಲನೆಯ ಗಂಟೆ ಬಾರಿಸುವ ಹೊತ್ತಿಗೆ ಯಾರೂ ಕರೆಯದೆ ತನ್ನ ಜಾಗದಲ್ಲಿ ಹಾಜರಾಗಿರುತ್ತಿತ್ತು.

ಒಂದು ಶನಿವಾರ ನಾನು ಹೀಗೆ ಉಜ್ಜುತ್ತ ಕುಳಿತಿದ್ದಾಗ, ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಸಾತನೂರಿನ ಕಡೆಯಿಂದ ಗಾಡಿ ಕಟ್ಟಿಸಿಕೊಂಡು ಬಂದು ನನ್ನ ಕೋಣೆಯಲ್ಲಿ ಉಳಿದಿದ್ದ ನನ್ನ ಅಜ್ಜಿ, ಮಸುಕು ಕಣ್ಣನ್ನು ಕಿರಿದು ಮಾಡಿಕೊಂಡು ನನ್ನ ಬೆರಳನ್ನು ಎಳೆದು ನೋಡಿದಳು.

"ಯಾಕ್ ಮಗ ಇಂಗೆ ಉಜ್ಜಿ ಉಜ್ಜಿ ತೊಗಲು ಕಿತ್ಕೋತೀಯೆ? ಓದ್ದೋರ ಹಚ್ಚೆ ಕಣವ್ವ ಅದು. ಇರ್ಲಿ ಬುಡು."

ಅಜ್ಜಿ ಹಗುರವಾಗಿ ಆಡಿದ ಮಾತು. ಆದರೆ ಆ ವಾರ ನನಗೆ ಹಚ್ಚೆಯೆಂಬ ಶಬ್ದ ಹಗುರವಾಗಿ ಕೇಳಿಸುವಂತಿರಲಿಲ್ಲ. ಏಕೆಂದರೆ ನನ್ನ ಮೇಜಿನ ಮೇಲೆ, ಅದೇ ಮಸಿಯಲ್ಲಿ ಬರೆದ ಹನ್ನೊಂದು ಪುಟಗಳ ಒಂದು ಪ್ರಬಂಧ ಒಣಗುತ್ತಿತ್ತು. ಅದರ ತಲೆಬರಹ: 'ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ?'

ಆ ತಲೆಬರಹ ನನ್ನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರಶ್ನೆಗಳನ್ನು ನಾನಾಗಿ ಮೈಮೇಲೆ ಹಾಕಿಕೊಳ್ಳುವವಳಲ್ಲ; ಸಭೆಯಲ್ಲಿ ಎದ್ದು ನಿಲ್ಲುವುದಕ್ಕಿಂತ ಅಂಗಳದ ಹುಲ್ಲು ಕೀಳುವುದು ನನಗೆ ಹೆಚ್ಚು ಒಗ್ಗುತ್ತದೆ. ಆದರೆ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ ಆದದ್ದರಿಂದ, ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ಊರಿನ ನೀರು ಕೆರೆಗೆ ಇಳಿಯುವ ಹಾಗೆ ನನ್ನ ಕಡೆಗೆ ಇಳಿಯುತ್ತವೆ.

ಹಚ್ಚೆಯನ್ನು ನೀವು ನೋಡಿಯೇ ಇರುತ್ತೀರಿ. ಮಾಗಡಿಯಿಂದ ಕನಕಪುರದವರೆಗೆ ನಮ್ಮ ಸೀಮೆಯಲ್ಲಿ ಹಚ್ಚೆಯಿಲ್ಲದ ಹೆಂಗಸಿನ ತೋಳನ್ನು ಹುಡುಕಬೇಕೆಂದರೆ ಒಂದು ದಿನದ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಸುಗ್ಗಿ ಮುಗಿದ ಮೇಲೆ ಹಚ್ಚೆಯವಳು ಬುಟ್ಟಿ ಹೊತ್ತು ಬರುತ್ತಾಳೆ. ಹೊಂಗೆಯ ನೆರಳಿನಲ್ಲಿ ಕುಳಿತು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಅರೆಯುತ್ತಾಳೆ. ಸೂಜಿಗಳನ್ನು ಒಟ್ಟಿಗೆ ಕಟ್ಟಿಕೊಂಡು, ಅಳುವ ಹುಡುಗಿಯ ಕಿವಿಗೆ ಹಾಡನ್ನೂ ತೋಳಿಗೆ ನೋವನ್ನೂ ಏಕಕಾಲಕ್ಕೆ ಕೊಡುತ್ತಾಳೆ. ಗಾಯ ಆರಿದ ಮೇಲೆ ಉಳಿಯುವ ಆ ಹಸಿರು, ಸಾವನದುರ್ಗದ ಬಂಡೆಯ ಮೇಲೆ ಮಳೆಯ ನೀರು ಇಳಿದು ಇಳಿದು ಬಿಟ್ಟ ಗೆರೆಗಳ ಹಾಗೆ, ಮೈಯ ಜೊತೆಗೇ ಮುಪ್ಪಾಗುತ್ತದೆ. ಒಡವೆಯನ್ನು ಕಳ್ಳ ಒಯ್ದಾನು, ಸೀರೆ ಹರಿದೀತು, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಹೆಂಗಸರು ಹೇಳುತ್ತಾರೆ. ಅಷ್ಟು ನಂಬಿಕಸ್ಥ ಸೊತ್ತು ಇನ್ನೊಂದು ನನಗೆ ಗೊತ್ತಿಲ್ಲ.

ನನಗೆ ಹಚ್ಚೆಯಿಲ್ಲ. ಇದಕ್ಕೆ ಕಾರಣ ವಿಶ್ವಾಸವೆಂದು ಹೇಳಿಕೊಂಡರೆ ಕೇಳುವುದಕ್ಕೆ ಚೆನ್ನ. ನಿಜವಾದ ಕಾರಣ ಸೂಜಿಯ ಭಯ. ತಂದೆಯವರು ಬೇಡವೆಂದರು, ನಾನು ಅದಕ್ಕೂ ಮೊದಲೇ ಕಣಜದ ಹಿಂದೆ ಅಡಗಿದ್ದೆ.

ಅಜ್ಜಿಯ ಸಂಗತಿ ಬೇರೆ. ಅವಳ ಬಲದ ಮುಂದೋಳಿನಲ್ಲಿ ಒಂದು ತುಳಸಿಕಟ್ಟೆ ಇದೆ. ಏಳು ವರ್ಷದವಳಿದ್ದಾಗ, ಕೆಂಚಮ್ಮನೆಂಬ ಹೆಸರಿನಲ್ಲಿ ಎಲ್ಲರಂತೆ ಹಾಕಿಸಿಕೊಂಡದ್ದು. ಮದುವೆಯಾಗಿ ಕೆಲವು ವರ್ಷಕ್ಕೆ ಗಂಡನೊಡನೆ ಸಭೆಗೆ ಸೇರಿ ಲೋವಿಸಮ್ಮನಾದಾಗ, ಅಂದಿನ ಬಿಳಿಯ ಪಾದ್ರಿಗಳು ಹಳೆಯದೆಲ್ಲವನ್ನೂ ಬಿಡಬೇಕೆಂದರಂತೆ. ಅಜ್ಜಿ ಕುಂಕುಮ ಬಿಟ್ಟಳು, ಹರಕೆ ಬಿಟ್ಟಳು, ಮನೆದೇವರ ಹಬ್ಬದ ಹೋಳಿಗೆಯನ್ನು ಸಹ ಬಹಳ ದುಃಖದಿಂದ ಬಿಟ್ಟಳು. ತುಳಸಿಕಟ್ಟೆ ಮಾತ್ರ ಅವಳನ್ನು ಬಿಡಲಿಲ್ಲ. ಹುಣಿಸೆಹಣ್ಣಿನಲ್ಲಿ ಉಜ್ಜಿದಳು, ಸುಣ್ಣ ಹಚ್ಚಿದಳು, ತೋಳು ಬೆಂದಿತೇ ಹೊರತು ಕಟ್ಟೆಯ ಒಂದು ಕಲ್ಲೂ ಅಲುಗಲಿಲ್ಲ. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಹಚ್ಚೆಯವಳನ್ನೇ ಕರೆಸಿ, ಒಂದು ಸೇರು ರಾಗಿ ಕೊಟ್ಟು, ತುಳಸಿಗಿಡದ ಎರಡು ಕೊಂಬೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಸಿ ಶಿಲುಬೆ ಮಾಡಿಸಿ, ಕಟ್ಟೆಯ ನಡುವೆ ಒಂದು ಬಾಗಿಲು ಕೊರೆಸಿದಳು. ತುಳಸಿಕಟ್ಟೆ ದೇವಾಲಯವಾಯಿತು! ಭಾನುವಾರ ಸಂಭ್ರಮದಿಂದ ಪಾದ್ರಿಗಳಿಗೆ ತೋರಿಸಿದಳು. ಒಂದು ತಪ್ಪನ್ನು ಅದೇ ತಪ್ಪಿನಿಂದ ತಿದ್ದಿಕೊಂಡು ಬಂದು ಎದುರಿಗೆ ನಗುತ್ತ ನಿಂತವಳನ್ನು ಗದರಬೇಕೋ ಹರಸಬೇಕೋ ತಿಳಿಯದೆ ಅವರಿಗೆ ಎರಡು ದಿನ ಊಟ ಸೇರಲಿಲ್ಲವೆಂದು ನಮ್ಮ ಮನೆಯ ಐತಿಹ್ಯ.

ಮೊಮ್ಮಕ್ಕಳಾದ ನಾವು ದೇವಾಲಯವೆಂಬುದನ್ನು ಮೊದಲು ಕಂಡದ್ದು ಆ ತೋಳಿನ ಮೇಲೆಯೇ. ಇದು ಬಾಗಿಲು, ಇದು ಗಂಟೆಯ ಗೂಡು ಎಂದು ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ದೊಡ್ಡವಳಾದ ಮೇಲೆ ನನಗೆ ಒಂದು ಚುಕ್ಕೆಯನ್ನಾದರೂ ಹಾಕಿಸಬೇಕೆಂದು ಅವಳಿಗೆ ಹಟ. "ಮೇಲ್ ಲೋಕ್ದಲ್ಲಿ ಎಲ್ಲಾರ್ಗೂ ಬಿಳೀ ಬಟ್ಟೆ ಅಂತೆ ಕಣ್ ಮಗ. ಈ ಕಣ್ಣು ಇಲ್ಲೇ ಇಂಗೆ ಮಬ್ಬಾಗೈತೆ. ಅಷ್ಟೊಂದ್ ಜನದಾಗೆ ನಿನ್ನ ಎಂಗವ್ವ ಹುಡುಕ್ಲಿ? ಒಂದ್ ಚುಕ್ಕೆ ಇದ್ರೆ ಸಾಕು." ಮೇಲಿನ ಲೋಕದಲ್ಲಿ ಕಣ್ಣಿನ ಪೊರೆಯೂ ಹೋಗಿರುತ್ತದೆಂದು ನಾನು ತರ್ಕ ಹೂಡುತ್ತಿದ್ದೆ. ಅಜ್ಜಿಗೆ ತರ್ಕದ ಮೇಲೆ ಅಂಥ ಭರವಸೆಯಿರಲಿಲ್ಲ.

ಈಗ ಪ್ರಬಂಧದ ಮೂಲಕ್ಕೆ ಬರುತ್ತೇನೆ. ನಮ್ಮ ಬೋರ್ಡಿಂಗಿನಲ್ಲಿ ಬೈರಾಪಟ್ಟಣದಿಂದ ಬಂದ ರಾಹೇಲ ಎಂಬ ಹುಡುಗಿ ಇದ್ದಾಳೆ. ಹದಿನಾಲ್ಕು ವರ್ಷ, ಲೆಕ್ಕದಲ್ಲಿ ಚುರುಕು, ಹೊಲಿಗೆಯಲ್ಲಿ ಅಲಕ್ಷ್ಯ, ಮಾತು ಕಡಮೆ. ಬೇಸಗೆ ರಜೆಗೆ ಸ್ವಲ್ಪ ಮೊದಲು ಅವರ ಊರಿನಲ್ಲಿ ವಾಂತಿಭೇದಿ ಬಿದ್ದು ಅವಳ ತಾಯಿ ತೀರಿಕೊಂಡಳು. ತಂದೆ ಮೊದಲೇ ಇರಲಿಲ್ಲ. ರೋಗದ ಊರಿಗೆ ಮಗುವನ್ನು ಕಳುಹಿಸಬಾರದೆಂದು ನಾವು ಇಲ್ಲಿಯೇ ಇಟ್ಟುಕೊಂಡೆವು. ಒಂದು ಹರಿದಾರಿ ದೂರದಲ್ಲಿದ್ದ ತಾಯಿಯ ಮುಖವನ್ನು ಅವಳು ಕಡೆಗೂ ನೋಡಲಿಲ್ಲ. ರಜೆಯಲ್ಲಿ ಸೋದರಮಾವನ ಮನೆಗೆ ಹೋದವಳು ಮರಳಿ ಬಂದಾಗ ಎಡಗೈಯ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಹಚ್ಚೆಯಿತ್ತು. ಆ ಹಚ್ಚೆಯ ಚಿತ್ರ ಒಂದು ಚೇಳು.

ಬರುವ ತಿಂಗಳು ಅವಳನ್ನು ಸಭೆಗೆ ಸೇರಿಸಿಕೊಂಡು ಮೊದಲ ಬಾರಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದೆಂದು ನಿಶ್ಚಯವಾಗಿತ್ತು. ನಮ್ಮ ಬೋರ್ಡಿಂಗಿನ ಕಟ್ಟುಪಾಡಿನಂತೆ, ಸಭೆಯು ಒಲ್ಲೆನೆಂದ ದೊಡ್ಡ ಹುಡುಗಿಗೆ ಬೋರ್ಡಿಂಗಿನಲ್ಲಿಯೂ ಜಾಗವಿಲ್ಲ. ಬೋರ್ಡಿಂಗು ತಪ್ಪಿದರೆ ಅವಳ ಮುಂದಿದ್ದದ್ದು ಸೋದರಮಾವನ ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ತಟ್ಟೆ, ಮಾಘದೊಳಗೆ ಮಾವನ ಮಗನೊಡನೆ ಮದುವೆ. ಆ ಮಾವನ ಮಗನಿಗೆ ಈಗಾಗಲೇ ಹೊಸ ರುಮಾಲು ತಂದಿಟ್ಟಿದ್ದಾರೆಂಬ ಸುದ್ದಿಯೂ ಬಂದಿತ್ತು. ಒಂದು ಹೆಬ್ಬೆಟ್ಟಿನಷ್ಟು ಉದ್ದದ ಹಸಿರು ಚೇಳು ಒಬ್ಬ ಹುಡುಗಿಯ ಇಡೀ ಆಯುಷ್ಯದ ದಾರಿಗೆ ಅಡ್ಡವಾಗಿ ಕೊಂಡಿಯೆತ್ತಿ ನಿಂತಿತ್ತು.

ಸಭೆಯ ಹಿರಿಯರಾದ ಸಾಮುವೇಲಪ್ಪನವರು ಸಜ್ಜನರು. ನಿಯಮವೆಂದರೆ ಅವರಿಗೆ ಊಟಕ್ಕೆ ಉಪ್ಪಿದ್ದ ಹಾಗೆ. "ಶಿಲುಬೆ ಅಲ್ಲ, ಪಾರಿವಾಳ ಅಲ್ಲ, ಹೋಗ್ಲಿ, ಒಂದು ದ್ರಾಕ್ಷಿಗೊಂಚಲೂ ಅಲ್ಲ. ಚೇಳು ಕಣಮ್ಮ, ಚೇಳು! ಸೈತಾನನ ಸಾಕುಪ್ರಾಣಿ!" ಎಂದು ಅವರು ನನ್ನೆದುರಿಗೇ ಎರಡು ಸಲ ನಡುಗಿದರು. ಶಾಲೆಯ ದೊಡ್ಡ ಮಿಸ್ಸಮ್ಮನವರು ವಿಲಾಯತಿಯವರು. ಮುನ್ಷಿಯಿಂದ ಕಲಿತ ಅವರ ಕನ್ನಡ ಯಾವಾಗಲೂ ಇಸ್ತ್ರಿ ಹಾಕಿದಂತಿರುತ್ತದೆ. "ಆ ಕೀಟದ ವಿಷಯವಾಗಿ ತಮ್ಮ ಅಭಿಪ್ರಾಯವನ್ನು ಲಿಖಿತರೂಪದಲ್ಲಿ ದಯಪಾಲಿಸಬೇಕು" ಎಂದರು. ಚೇಳು ಕೀಟವಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಹಿಂದಿರುಗಿತು. ಅಯ್ಯನವರು, ಎಂದರೆ ನಮ್ಮ ಸಭಾಪಾಲಕರು, ಮೃದು ಸ್ವಭಾವದವರಾದ್ದರಿಂದ ಇಬ್ಬರ ಮಾತಿಗೂ ತಲೆದೂಗಿದರು. ಹೀಗೆ ನಾನು ಬರೆಯಲು ಕುಳಿತೆ.

ಬರೆಯುತ್ತ ಬರೆಯುತ್ತ ನನಗೆ ಖುಷಿಯಾಗತೊಡಗಿತೆಂದು ಒಪ್ಪಿಕೊಳ್ಳಬೇಕು. ಲೋಕವೆಲ್ಲ ಗುರುತುಗಳಿಂದ ತುಂಬಿರುವುದು ನನಗೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಅಗಸ ನಮ್ಮ ಸೀರೆಯಂಚಿಗೆ ಒಗೆದರೂ ಹೋಗದ ಕೇರೆಣ್ಣೆಯ ಚುಕ್ಕೆ ಇಟ್ಟು, ನೂರು ಬಟ್ಟೆಯ ರಾಶಿಯಲ್ಲಿ ನಮ್ಮದನ್ನು ತಪ್ಪದೆ ಹೆಕ್ಕುತ್ತಾನೆ. ನಮ್ಮ ಬೀದಿಯ ಕೊನೆಯಲ್ಲಿ ಆಟಿಕೆ ಮಾಡುವ ಸಾಹೇಬರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬಣ್ಣ ಬಿಸಿಗೆ ಕರಗಿ ಮರದ ಮೈಗೆ ಹತ್ತಿಬಿಡುತ್ತದೆ, ಮಗು ಹತ್ತು ವರ್ಷ ಕಚ್ಚಿದರೂ ಹೋಗುವುದಿಲ್ಲ. ಸಿಡುಬು ಬಾರದಿರಲೆಂದು ದಾಕು ಹಾಕಿಸಿದ ಗುಂಡನೆಯ ಗುರುತುಗಳು ಮಹಾರಾಜರ ಪ್ರಜೆಗಳೆಲ್ಲರ ತೋಳಿನಲ್ಲಿಯೂ ಇವೆ. ಅದನ್ನು ಸರ್ಕಾರದ ಹಚ್ಚೆಯೆನ್ನದೆ ಬೇರೇನೆನ್ನಬೇಕು? ಸಾಮುವೇಲಪ್ಪನವರಿಗೂ ಎಡದ ರಟ್ಟೆಯಲ್ಲಿ ಮೂರಿವೆ. ಸೆಕೆಗೆ ಅಂಗಿ ಬಿಚ್ಚಿ ಜಗಲಿಯಲ್ಲಿ ಕುಳಿತಾಗ ನಾನೇ ಕಂಡಿದ್ದೇನೆ. ಇಷ್ಟು ಗುರುತುಗಳ ನಡುವೆ ದೀಕ್ಷಾಸ್ನಾನವೊಂದೇ ಗುರುತಿಲ್ಲದ್ದು. ಹಣೆಯ ಮೇಲೆ ಬಿದ್ದ ನೀರು ಐದು ನಿಮಿಷದಲ್ಲಿ ಆರಿ, ಕಾಣದ ಜಾಗಕ್ಕೆ ಇಳಿದುಬಿಡುತ್ತದೆ.

ಇದೆಲ್ಲ ಅಲಂಕಾರ. ಪ್ರಬಂಧದ ಬೆನ್ನೆಲುಬು ಬೇರೆಯಿತ್ತು. ಬೈಬಲಿನಲ್ಲಿ ಮೋಶೆಯ ಧರ್ಮಶಾಸ್ತ್ರವು ಹಚ್ಚೆಯನ್ನು ನಿಷೇಧಿಸಿದ ಜಾಗವನ್ನು ನಾನು ತೆಗೆದು ನೋಡಿದೆ. ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳಬಾರದೆಂಬ ಮಾತಿನ ಮಗ್ಗುಲಿನಲ್ಲಿಯೇ ಆ ನಿಷೇಧವಿದೆ. ನನ್ನ ಕಾಲೇಜಿನ ತರ್ಕಶಾಸ್ತ್ರ ಕಿವಿ ನಿಮಿರಿಸಿತು. ಹಾಗಾದರೆ ಅಲ್ಲಿ ಬೇಡವೆಂದದ್ದು ಅನ್ಯಜನರ ಶೋಕಾಚಾರವನ್ನು, ಸತ್ತವರಿಗಾಗಿ ಹಾಕಿಸಿಕೊಳ್ಳುವ ಗುರುತನ್ನು. ಬರಿಯ ಚೆಂದಕ್ಕೆ ಹಾಕಿಸಿಕೊಂಡದ್ದನ್ನು ಅಲ್ಲ. ರಾಹೇಲಳಿಗೆ ತಾಯಿ ತೀರಿದ್ದು ನಿಜ. ಆದರೆ ಶೋಕಿಸುವವರು ಯಾರಾದರೂ ಚೇಳನ್ನು ಬರೆಸಿಕೊಳ್ಳುತ್ತಾರೆಯೇ? ಹೆಸರು ಬರೆಸಿಯಾರು, ಹೂವು ಬರೆಸಿಯಾರು. ಚೇಳು ಶೋಕದ ಗುರುತಾಗುವುದು ಅಸಂಭವ. ಆದ್ದರಿಂದ ಇದು ಹುಡುಗಾಟದ ಆಸೆ. ಆದ್ದರಿಂದ ಹುಡುಗಿ ನಿರಪರಾಧಿ. ಸಾಮುವೇಲಪ್ಪನವರು ಚೇಳನ್ನು ಯಾವ ಕಾರಣಕ್ಕೆ ದೂರಿದರೋ ಅದೇ ಕಾರಣದಿಂದ ಚೇಳೇ ಅವಳನ್ನು ಕಾಪಾಡುತ್ತಿತ್ತು. ಒಂಬತ್ತನೆಯ ಪುಟದಲ್ಲಿ ಈ ವಾದ ಮುಗಿಸಿದಾಗ ನಾನು ಲೇಖಣಿಯನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿ ನಕ್ಕೆ. ಆ ನಗೆ ನನಗೆ ಈಗಲೂ ನೆನಪಿದೆ, ನೆನಪಿರಬಾರದಿತ್ತು.

ಸಭೆಯವರು ಸೇರುವ ದಿನ ಬೆಳಿಗ್ಗೆ ನನಗೆ ಒಂದು ಸಂದೇಹ ಬಂತು. ಬರೆದ ವಸ್ತುವನ್ನು ಸರಿಯಾಗಿ ನೋಡದೆಯೇ ಬರೆದೆನಲ್ಲ! ರಾಹೇಲಳನ್ನು ಕರೆದೆ. ಬೋರ್ಡಿಂಗಿನ ಹುಡುಗಿಯರು ನನ್ನನ್ನು ಅಕ್ಕ ಎನ್ನುತ್ತಾರೆ. ಅವಳು ಬಂದು ಅಂಗೈ ಮೇಲೆ ಮಾಡಿ ಕೈಚಾಚಿದಳು, ಏಟು ತಿನ್ನುವವಳ ಹಾಗೆ. ಪ್ರಕೃತಿಪಾಠ ಹೇಳಿಕೊಡುವವಳಿಗೆ ಇರುವ ಅಭ್ಯಾಸ. ನಾನು ಕಾಲುಗಳನ್ನು ಎಣಿಸಿದೆ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು.

"ಹಚ್ಚೆಯವಳು ಒಂದು ಕಾಲು ಮರೆತಿದ್ದಾಳಲ್ಲೇ" ಎಂದೆ.

"ಮರ್ತಿಲ್ಲಕ್ಕ. ನಮ್ಮವ್ವಂದೂ ಏಳೇ."

ಎಂದೂ ಎರಡು ಮಾತಿಗಿಂತ ಹೆಚ್ಚು ಆಡದ ಹುಡುಗಿ ಆ ದಿನ ತಡೆಯದೆ ಹೇಳಿದಳು.

"ಅವ್ವ ಸಣ್ಣೋಳಿದ್ದಾಗ ಏಳ್ನೇ ಕಾಲ್ಗೇ ನೋವು ತಡೀನಾರ್ದೆ ಕೈ ಕಿತ್ಕಂಡು ಓಡೋಗ್ಬುಟ್ಟಿದ್ಲಂತೆ. ಮತ್ತೆ ಕೂತ್ಕಳ್ನೇ ಇಲ್ವಂತೆ. ಅದೇ ಹಚ್ಚೆಯೋಳ ಮಗ್ಳು ಈ ಸಲ ಬಂದಿದ್ಲು. ಎಂಟೇ ಹಾಕ್ತೀನಿ ಅಂತ ಜಗ್ಳಕ್ಕೆ ಬಿದ್ಲು ಅಕ್ಕ! 'ಕುಂಟ್ ಚೇಳು ಹಾಕುದ್ರೆ ಊರ್ನೋರು ನಂಗೆ ಏನಂದಾರು' ಅಂತ. ನಾ ಕೈ ಮುಚ್ಕಂಡೆ. ಏಳೇ ಹಾಕು, ಇಲ್ದಿದ್ರೆ ಬ್ಯಾಡ ಅಂದೆ."

ಆಮೇಲೆ ಅವಳು ಮಣಿಕಟ್ಟನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದಳು. ಚರ್ಮ ಮಡಿಸಿ ಬಿಚ್ಚುವಾಗ ಚೇಳಿನ ಕೊಂಡಿ ಅಲುಗಿತು, ಕಾಲುಗಳು ಸರಿದವು.

"ನಂಗೆ ತಟ್ಟಿ ಮಲುಗ್ಸೋವಾಗ ಅವ್ವನ ಚೇಳು ಇಂಗೇ ನಡೀತಿತ್ತು. ಕುಂಟ್ಕಂಡು. ಈಗ್ಲೂ ನಡೀತೈತೆ, ನೋಡಿ."

ಓದುವ ಸ್ನೇಹಿತರೆ, ನನ್ನ ಒಂಬತ್ತನೆಯ ಪುಟ ಆ ಏಳು ಕಾಲಿನ ಪ್ರಾಣಿಯ ಕೆಳಗೆ ಸಿಕ್ಕಿ ಸತ್ತುಹೋಯಿತು. ಧರ್ಮಶಾಸ್ತ್ರ ಯಾವುದನ್ನು ಬೇಡವೆಂದಿತ್ತೆಂದು ನಾನೇ ತೋರಿಸಿಕೊಟ್ಟಿದ್ದೆನೋ, ಅದನ್ನೇ, ಎಳ್ಳಷ್ಟೂ ಆಚೀಚೆಯಾಗದಂತೆ, ಈ ಹುಡುಗಿ ಮಾಡಿದ್ದಳು. ಸತ್ತವಳಿಗಾಗಿಯೇ ಹಾಕಿಸಿಕೊಂಡಿದ್ದಳು. ನಾನು ಪ್ರಬಂಧ ಬರೆಯದೆ ಇದ್ದಿದ್ದರೆ ಅವಳ ಅಪರಾಧ ಒಂದು ಹುಡುಗಾಟ. ನನ್ನ ವಿದ್ವತ್ತಿನ ಬೆಳಕಿನಲ್ಲಿ ಅದು ಮಹಾಪರಾಧ.

ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಆ ಕಡೆ ಅಯ್ಯನವರು, ಮಿಸ್ಸಮ್ಮನವರು, ಸಾಮುವೇಲಪ್ಪನವರು. ಈ ಕಡೆ ನಾನು. ರಾಹೇಲ ಗೋಡೆಯ ಭೂಪಟದ ಪಕ್ಕದಲ್ಲಿ ಗೋಡೆಯೇ ಆಗಿ ನಿಂತಿದ್ದಳು. ಒಂಟಿಯಾಗಿ ಕೋಣೆಯಲ್ಲಿ ಕೂರಲಾರೆನೆಂದು ಅಜ್ಜಿಯೂ ಬಂದು ಬಾಗಿಲ ಬಳಿ ಚಾಪೆ ಹಾಸಿಕೊಂಡು ಎಲೆಯಡಿಕೆಯ ಚೀಲ ಬಿಚ್ಚಿದ್ದಳು. ನಾನು ಓದಿದೆ. ಅಗಸನ ಚುಕ್ಕೆ ಬಂತು, ಅರಗಿನ ಬಣ್ಣ ಬಂತು. ಸರ್ಕಾರದ ಹಚ್ಚೆ ಬಂದಾಗ ಸಾಮುವೇಲಪ್ಪನವರು ತಮ್ಮ ಎಡದ ರಟ್ಟೆಯನ್ನು ಅರಿವಿಲ್ಲದೆ ಮುಟ್ಟಿಕೊಂಡರು. ಮಿಸ್ಸಮ್ಮನವರು ನಸುನಕ್ಕರು. ಎಲ್ಲವೂ ನನ್ನ ಎಣಿಕೆಯಂತೆಯೇ ನಡೆಯುತ್ತಿತ್ತು. ಒಂಬತ್ತನೆಯ ಪುಟ ಬಂತು. 'ಈ ಗುರುತು ಶೋಕದ ಗುರುತಲ್ಲ' ಎಂಬ ವಾಕ್ಯದ ಮುಂದೆ ನನ್ನ ನಾಲಿಗೆ ನಿಂತುಬಿಟ್ಟಿತು.

ಆ ನಾಲ್ಕು ಶಬ್ದಗಳನ್ನು ಓದಿಬಿಟ್ಟಿದ್ದರೆ ಹುಡುಗಿ ಉಳಿಯುತ್ತಿದ್ದಳು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಸತ್ಯವಂತಳೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಿಜಕ್ಕೂ ಇದು ಪೂರ್ಣ ಹೆಮ್ಮೆಯ ಸಂಗತಿಯಲ್ಲ. ನಾನು ನಿಂತದ್ದು ಸದ್ಗುಣದಿಂದಲೋ, ತಪ್ಪೆಂದು ಗೊತ್ತಿರುವ ವಾಕ್ಯವನ್ನು ಗಟ್ಟಿಯಾಗಿ ಓದಲಾರದ ಉಪಾಧ್ಯಾಯಿನಿಯ ಹಟದಿಂದಲೋ ನನಗೆ ಇಂದಿಗೂ ಬಗೆಹರಿದಿಲ್ಲ. ಅಯ್ಯನವರು "ಯಾಕಮ್ಮ?" ಎಂದರು. "ಮುಂದಿನದು ಸುಳ್ಳು" ಎಂದೆ. ಮತ್ತೆ ಇದ್ದದ್ದನ್ನು ಹೇಳಿದೆ, ತಾಯಿಯ ಚೇಳು, ಓಡಿಹೋದ ಎಂಟನೆಯ ಕಾಲು, ಎಲ್ಲವನ್ನೂ. ಸತ್ಯ ನನ್ನದು, ಅದರ ಬೆಲೆ ತೆರಬೇಕಾದವಳು ಭೂಪಟದ ಪಕ್ಕದಲ್ಲಿ ನಿಂತವಳು. ಅವಳ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಸಾಮುವೇಲಪ್ಪನವರ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅವರು ಮೆಲ್ಲಗೆ ಹೇಳಿದರು: "ನೀವೇ ಓದಿದಿರಲ್ಲಮ್ಮ, ಸತ್ತವರಿಗಾಗಿ ಹಾಕಿಸಿಕೊಳ್ಳಬಾರದು ಅಂತ. ನಂಗೂ ಹೊಟ್ಟೆ ಉರೀತದೆ. ಆದರೆ ಇಂಥ ಗುರುತಿರೋ ಕೈಗೆ ಕರ್ತನ ರೊಟ್ಟಿ ಇಡೋದು ಹೇಗೆ?"

"ಒಸಿ ತಡೀರಪ್ಪ" ಎಂದು ಬಾಗಿಲ ಬಳಿಯಿಂದ ಧ್ವನಿ ಬಂತು.

ಅಜ್ಜಿ ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಂಚುಗಳನ್ನು ಒಂದೊಂದಾಗಿ ತಡವರಿಸುತ್ತ ಬಂದು, ಸೆರಗು ಸರಿಸಿ ತನ್ನ ಬಲದ ಮುಂದೋಳನ್ನು ಸಾಮುವೇಲಪ್ಪನವರ ಕನ್ನಡಕದ ಎದುರಿಗೆ ಚಾಚಿದಳು.

"ಇದೇನು ಅಂತ ಏಳಿ ನೋಡಾನ."

"ಇದು... ದೇವಾಲಯ ಅಲ್ವಾ, ಅಜ್ಜಿ?"

"ಹ್ಞೂ. ಕೆಳಗಿರೋದು ತುಳಸೀಕಟ್ಟೆ ಕಣಪ್ಪ, ಸರ್ಯಾಗ್ ನೋಡು. ನಲವತ್ ವರ್ಸದಿಂದ ಇದೇ ಕೈ ಚಾಚಿ ರೊಟ್ಟಿ ಈಸ್ಕಂಡಿವ್ನಿ. ಒಬ್ಬ ಅಯ್ಯನೋರೂ ತಿರುಗ್ಸಿ ನೋಡ್ನಿಲ್ಲ. ಈಗ ಕೊಡಬಾರ್ದಿತ್ತು ಅಂದ್ರೆ ಎಂಗಪ್ಪ ವಾಪಸ್ ಕೊಡ್ಲಿ? ನುಂಗ್ಬುಟ್ಟಿವ್ನಲ್ಲ!"

ಅಯ್ಯನವರು ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು. ಸಾಮುವೇಲಪ್ಪನವರು, "ಅದು ಹಳೇದು ಅಜ್ಜಿ, ನೀವು ಸಭೆಗೆ ಸೇರೋಕ್ ಮುಂಚಿಂದು" ಎಂದರು.

"ಕಟ್ಟೆ ಮುಂಚಿಂದು. ಶಿಲ್ಬೆ ಸೇರಿದ್ ಮ್ಯಾಲಿಂದು" ಎಂದಳು ಅಜ್ಜಿ, ಬಿಟ್ಟುಕೊಡದೆ. ಆಮೇಲೆ ಅವಳ ಧ್ವನಿ ಇಳಿಯಿತು. "ಸತ್ತೋರ್ಗೆ ಅಂತ ಹುಯ್ಸಬಾರ್ದು ಅಂತೀರಿ. ಸತ್ತೋರು ಸತ್ತೇ ಹೋದ್ರು ಅಂತ ಬಾಯ್ ಬಡ್ಕಳೋರ್ಗೆ ಆ ಮಾತು, ಸರಿ. ನೀವು ನಂಗೆ ಏನ್ ಏಳ್ಕೊಟ್ರಿ? ಎಲ್ಲಾರೂ ಎದ್ ಬತ್ತಾರೆ ಅಂತ ತಾನೇ? ಎದ್ ಬರೋಳಿಗೆ ಸತ್ತೋಳು ಅಂತ ಯಾಕ್ ಅಂತೀರಿ? ಈ ಮಗ ಅವ್ವನ ಮಕ ನೋಡ್ನಿಲ್ಲ, ನೀವೇ ಕಳಿಸ್ನಿಲ್ಲ. ನಾಳೆ ಅವ್ಳು ಎದ್ ಬಂದು ಮಗ್ಳು ಎಲ್ಲಿ ಅಂತ ಹುಡುಕೋವಾಗ ಕೈ ತೋರ್ಸದಾ ಬ್ಯಾಡ್ವಾ?"

ನಾನು ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರವೂ, ಹನ್ನೊಂದು ಪುಟಗಳೂ ಮುಟ್ಟಲಾರದ ಜಾಗವನ್ನು ಅಕ್ಷರ ಬಾರದ ನನ್ನ ಅಜ್ಜಿ ಬೆಂಚು ತಡವರಿಸಿಕೊಂಡು ಬಂದು ಮುಟ್ಟಿದ್ದಳು. ಸಾಮುವೇಲಪ್ಪನವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು. ಕಳೆದ ವರ್ಷ ಅವರೊಬ್ಬ ಚಿಕ್ಕ ಮಗಳನ್ನು ಮಣ್ಣಿಗಿಟ್ಟದ್ದು ನನಗೆ ಆಗ ನೆನಪಾಯಿತು. ಅವರು ರಾಹೇಲಳ ಕಡೆ ತಿರುಗಿ, "ಬಾರಮ್ಮ ಇಲ್ಲಿ, ಎಲ್ಲಿ, ತೋರಿಸು" ಎಂದರು. ಅವಳು ಮಣಿಕಟ್ಟು ತಿರುಗಿಸಿ ತೋರಿಸಿದಳು. ಚೇಳು ಕುಂಟುತ್ತ ನಡೆಯಿತು. "ಅಯ್ಯೋ, ನಿಜವಾಗ್ಲೂ ನಡೀತದಲ್ಲ!" ಎಂದು ಅವರು ಮಗುವಿನಂತೆ ಬಾಗಿ ನೋಡಿದರು. ಸೈತಾನನ ಸಾಕುಪ್ರಾಣಿಯ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ರಾಹೇಲಳನ್ನು ಸೇರಿಸಿಕೊಳ್ಳುವುದೆಂದಾಯಿತು. ಆದರೆ ಸಭೆಯೆಂದ ಮೇಲೆ ಚೇಳಿನ ಬಗ್ಗೆಯೂ ಒಂದು ನಿರ್ಣಯವಾಗಬೇಕಷ್ಟೆ. ಮಿಸ್ಸಮ್ಮನವರು ಗಂಟಲು ಸರಿಪಡಿಸಿಕೊಂಡು, "ಕನ್ನಿಕೆಯರ ರವಿಕೆಗಳ ತೋಳುಗಳು ಮಣಿಕಟ್ಟಿನ ಪರ್ಯಂತ ಉದ್ದವಾಗಿರತಕ್ಕದ್ದೆಂದು ನನಗೆ ತೋರುತ್ತದೆ" ಎಂದರು. ರಾಹೇಲಳೊಬ್ಬಳೇ ಉದ್ದ ತೋಳು ತೊಟ್ಟರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆಂದು ಅವರೇ ಮುಂದುವರಿದು, ಬೋರ್ಡಿಂಗಿನ ಎಲ್ಲ ಹುಡುಗಿಯರಿಗೂ ಉದ್ದ ತೋಳೆಂದು ಗೊತ್ತುಮಾಡಿದರು. ಹೀಗೆ ಒಂದು ಚೇಳಿನ ಸಲುವಾಗಿ ಇಪ್ಪತ್ತಾರು ಹುಡುಗಿಯರು ಚನ್ನಪಟ್ಟಣದ ಸೆಕೆಯಲ್ಲಿ ಬೇಯುತ್ತಿದ್ದಾರೆ. ಕಾರಣ ಗೊತ್ತಿಲ್ಲದ ಊರಿನವರು ಅದನ್ನು ವಿಲಾಯತಿಯ ಹೊಸ ಷೋಕಿಯೆಂದು ತಿಳಿದು ತಮ್ಮ ಮಕ್ಕಳಿಗೂ ಹೊಲಿಸುತ್ತಿದ್ದಾರೆ.

ಹೊರಗೆ ಬಂದ ಮೇಲೆ ನಾನು ರಾಹೇಲಳಿಗೆ ಕ್ಷಮೆ ಕೇಳಬೇಕೆಂದಿದ್ದೆ. ನನ್ನದಲ್ಲದ ಗುಟ್ಟನ್ನು ಮೇಜಿನ ಮೇಲೆ ಸುರಿದವಳು ನಾನು. ಸ್ವಂತದ ಸಣ್ಣ ಸಂಗತಿಯನ್ನೂ ಬಾಯಿಬಿಡದವಳು ಇನ್ನೊಬ್ಬಳ ತಾಯಿಯನ್ನು ಸಭೆಗೆ ಎಳೆದುತಂದಿದ್ದೆ. ನಾನು ಮಾತು ಹುಡುಕುವಷ್ಟರಲ್ಲಿ ಅವಳೇ ಹೇಳಿದಳು: "ನಾನೇ ಏಳನ ಅಂತಿದ್ದೆ ಅಕ್ಕ. ನೀವು ಮೊದ್ಲೇ ಏಳ್ಬುಟ್ರಿ." ಸ್ವಲ್ಪ ದೂರ ಹೋಗಿ ತಿರುಗಿ, "ದೇವ್ರಿಗೆ ತೋಳಿನ್ ಬಟ್ಟೆ ಅಡ್ಡ ಬರಲ್ಲ, ಅಲ್ವಾ?" ಎಂದಳು. ಬರುವುದಿಲ್ಲವೆಂದೆ. ಅಷ್ಟನ್ನು ಹೇಳಲು ಬಿ.ಎ. ಸಾಕಾಗುತ್ತದೆ.

ಹಾಗಾದರೆ ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ? ನೀವು ಇಷ್ಟು ದೂರ ಬಂದದ್ದು ಉತ್ತರಕ್ಕಾಗಿ ಇರಬಹುದು. ನಾನು ಹಾಕಿಸಿಕೊಳ್ಳುವುದಿಲ್ಲ, ಸೂಜಿ ಇನ್ನೂ ಸೂಜಿಯೇ. ಮಕ್ಕಳು ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಮೈಯೆಂಬುದು ಒಮ್ಮೆ ಬರೆದರೆ ತಿದ್ದಲಾಗದ ಪುಸ್ತಕ, ಹದಿನಾಲ್ಕರಲ್ಲಿ ಬರೆದದ್ದನ್ನು ಎಪ್ಪತ್ತರಲ್ಲಿ ಓದಬೇಕಾಗುತ್ತದೆ. ಆದರೆ ಈಗಾಗಲೇ ಬರೆದ ತೋಳೊಂದು ನನ್ನೆದುರಿಗೆ ಬಂದು ನಿಂತರೆ ಶಾಸ್ತ್ರದ ಪುಟ ತಿರುವುವ ಮೊದಲು ಕಾಲುಗಳನ್ನು ಎಣಿಸುತ್ತೇನೆ. ಕಡಮೆಯಿದ್ದರೆ ಯಾಕೆಂದು ಕೇಳುತ್ತೇನೆ. ಆ ಹನ್ನೊಂದು ಪುಟಗಳು ಬೋರ್ಡಿಂಗಿನ ಒಲೆಗೆ ಒಂದು ಬೆಳಗಿನ ಗಂಜಿ ಕಾಯಿಸುವಷ್ಟು ಉಪಯೋಗವಾದವು.

ಕಣ್ಣು ಒಂದಿಷ್ಟು ತಿಳಿಯಾದ ಮೇಲೆ ಅಜ್ಜಿ ಸಾತನೂರಿಗೆ ಹೊರಟಳು. ಗಾಡಿಯಲ್ಲಿ ಹುಲ್ಲಿನ ಮೇಲೆ ಕುಳಿತು, ಎತ್ತು ಕಟ್ಟಿದ ಮೇಲೆ, ನನ್ನ ಬಲಗೈಯನ್ನು ಎಳೆದು ಕಣ್ಣಿನ ಹತ್ತಿರ ಹಿಡಿದುಕೊಂಡಳು.

"ಒಂದ್ ಚುಕ್ಕೆ ಹುಯ್ಸ್ಕೋ ಅಂತಿದ್ದೆ. ಬ್ಯಾಡ ಬುಡು ಮಗ. ಈ ಮಸಿ ನೋಡ್ಕಂಡೇ ನಿನ್ನ ಕಂಡಿಡೀತೀನಿ. ಅಳಿಸ್ಕಂಡು ಬಂದ್ಬುಟ್ಟೀಯೆ, ಜ್ವಾಕೆ!"

ಗಾಡಿ ಹೋಯಿತು. ಆ ದಿನ ಶನಿವಾರ. ಸಾಯಂಕಾಲ ಎಂದಿನಂತೆ ನಿಂಬೆಹಣ್ಣನ್ನು ಎರಡು ಹೋಳು ಮಾಡಿ ಕುಳಿತೆ. ನಡುಬೆರಳಿನ ಕಲೆ ಆ ವಾರ ತಿದ್ದಿದ ಕಾಪಿ ಪುಸ್ತಕಗಳಿಂದ ಎಂದಿಗಿಂತ ದಟ್ಟವಾಗಿತ್ತು. ಒಂದು ಬದಿಗೆ ಸಣ್ಣ ಬಾಲವೂ ಮೂಡಿತ್ತು. ಬಾವಿಯ ಕಡೆಯಿಂದ ರಾಹೇಲ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದಳು. ಹೊಸ ರವಿಕೆಯ ಉದ್ದ ತೋಳನ್ನು ಮೊಣಕೈಯವರೆಗೆ ಮಡಿಸಿದ್ದಳು, ನನ್ನನ್ನು ಕಂಡೊಡನೆ ಇಳಿಸಲು ಹೋದಳು. ಬೇಡವೆಂದು ತಲೆಯಾಡಿಸಿದೆ. ಎರಡು ಹೋಳುಗಳನ್ನೂ ಚೆಂಬಿಗೆ ಹಿಂಡಿ, ಬೆಲ್ಲ ಹಾಕಿ ಕದಡಿ, ಪಾನಕ ಮಾಡಿ ಅವಳಿಗೊಂದು ಲೋಟ ಕೊಟ್ಟೆ, ನಾನೊಂದು ಲೋಟ ಕುಡಿದೆ.